ನಲವತ್ತೆಂಟಕ್ಕೊಂದು ಬಾಣಂತನ

ನನ್ನ ನಾಲಿಗೆಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಕಂಡವರೆಲ್ಲ ಕೇಳಿದ್ದು ಒಂದೇ ಮಾತು: "ತಂಬಾಕು ಹಾಕ್ತಿದ್ರೇನ್ರಿ?" ಇಲ್ಲ ಎಂದರೆ ನಂಬುವುದಿಲ್ಲ. "ಎಲಿ ಅಡಿಕಿ?" ಅದೂ ಇಲ್ಲ. "ಹಂಗಾದ್ರ ಹೆಂಗ ಬಂತು?" ಎಂದು ಅವರು ನನ್ನ ಮುಖ ನೋಡುವಾಗ, ನಾನು ಸೆರಗಿನಲ್ಲಿ ಎಲ್ಲೋ ಒಂದು ಪೊಟ್ಟಣ ಮುಚ್ಚಿಟ್ಟುಕೊಂಡಿದ್ದೇನೆ ಎಂಬ ಅನುಮಾನ ಕಣ್ಣಲ್ಲಿ ಕಾಣುತ್ತಿತ್ತು. ಇದನ್ನು ಓದುವವರಿಗೂ ಈ ಪ್ರಶ್ನೆ ಎದುರಾಗಿದ್ದರೆ ನಾನು ಕಂಡುಕೊಂಡ ಉತ್ತರ ಹೇಳುತ್ತೇನೆ: "ನಿಮ್ಮ ಹತ್ರ ಐತೇನ್ರಿ? ಇದ್ರ ಕೊಡ್ರಿ, ಈಗ ಶುರು ಮಾಡ್ತೀನಿ." ಆಮೇಲೆ ಅವರು ಬೇರೆ ಮಾತು ತೆಗೆಯುತ್ತಾರೆ.

ನಾನು ಬಸ್ ಕಂಡಕ್ಟರ್. ಹೆಸರು ಗಿರಿಜಾ. ಮೊದಲು ಕೆಲವು ವರ್ಷ ಕಂಪ್ಲಿ ಕಡೆಯ ಬಸ್ಸು, ಒಂದಿಷ್ಟು ಕಾಲ ಹಂಪಿ, ಆಮೇಲೆ ಇಲ್ಲಿಯವರೆಗೂ ಹೊಸಪೇಟೆ–ಸಂಡೂರು. ವಯಸ್ಸು ನಲವತ್ತೆಂಟು, ಮಕ್ಕಳಿಲ್ಲ. ಈ ಎರಡನ್ನೂ ಯಾರೂ ಕೇಳುವ ಮೊದಲೇ ಹೇಳಿಬಿಡುವುದು ನನ್ನ ರೂಢಿ. ಹೇಗಿದ್ದರೂ ಮುಂದಿನ ಸ್ಟಾಪು ಬರುವುದರೊಳಗೆ ಕೇಳಿಯೇ ಕೇಳುತ್ತಾರೆ. ಗಂಡ ವಿರೂಪಾಕ್ಷಿ ಸಂಡೂರಿನಲ್ಲಿ ಅದಿರು ಲಾರಿಗಳ ಮೆಕ್ಯಾನಿಕ್. ಅವರದು ಮಾತು ಕಡಿಮೆ. ಮನೆಯ ಪಾಲಿನ ಮಾತನ್ನೆಲ್ಲ ನಾನೇ ಆಡಿ ಮುಗಿಸುತ್ತೇನೆ, ತನಗೇನೂ ಉಳಿಸುವುದಿಲ್ಲ ಎಂದು ಅವರ ದೂರು.

ಆ ದೂರಿನಲ್ಲಿ ಸುಳ್ಳಿಲ್ಲ. ನನ್ನ ಕೆಲಸವೇ ನಾಲಿಗೆಯದು. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಸಂಡೂರ್ ಸಂಡೂರ್ ಸಂಡೂರ್" ಎಂದು ನಾನು ಕೂಗಿದರೆ ಆಚೆ ಬದಿಯ ಚಹಾದಂಗಡಿಯಿಂದ ಜನ ಲೋಟ ಕೆಳಗಿಟ್ಟು ಓಡಿ ಬರುತ್ತಾರೆ. ನನ್ನ ಅವ್ವನಿಗೆ ಇದು ಹಿಡಿಸುತ್ತಿರಲಿಲ್ಲ. ಅವಳಿರುವುದು ಚಿತ್ತವಾಡ್ಗಿಯಲ್ಲಿ, ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ಹತ್ತಿರವೇ. "ಹೆಣ್ಮಗಳು ಮಂದ್ಯಾಗ ನಿಂತು ಹಂಗ ಒದರೂದು ನನಗ ಕೇಳಾಕ ಆಗಂಗಿಲ್ಲವ್ವ" ಎಂದು ಹೇಳಿದವಳು ನನ್ನ ಬಸ್ಸನ್ನು ಒಮ್ಮೆಯೂ ಹತ್ತಿರಲಿಲ್ಲ. ಸಂಡೂರಿಗೆ ನಮ್ಮ ಮನೆಗೇ ಬರುವುದಾದರೂ ನನ್ನ ಬಸ್ಸು ಹೋಗಲಿ ಎಂದು ಕಾಯ್ದು, ಹಿಂದಿನದಕ್ಕೆ ಬರುತ್ತಿದ್ದಳು.

ಹುಣ್ಣು ನಾಲಿಗೆಯ ಎಡಬದಿಗೆ ಆಯಿತು. ದವಡೆ ಹಲ್ಲೊಂದು ಮುರಿದು ಚೂಪಾಗಿತ್ತು, ಅದು ತಾಗಿ ಆಗಿದೆ ಎಂದುಕೊಂಡೆ. ಊರವರೆಲ್ಲ ಉಷ್ಣ ಎಂದರು. ನಮ್ಮ ಕಡೆ ಬೇಸಿಗೆಯಲ್ಲಿ ಏನಾದರೂ ಉಷ್ಣವೇ. ತುಪ್ಪ ಹಚ್ಚಿದೆ, ಮೆಂತ್ಯ ನೆನೆಸಿ ಕುಡಿದೆ, ಮಜ್ಜಿಗೆಯಲ್ಲಿ ಕಾಲ ಕಳೆದೆ. ಹೊಸಪೇಟೆಯ ಹಲ್ಲಿನ ಡಾಕ್ಟರು ಹಲ್ಲು ತಿಕ್ಕಿ ನುಣ್ಣಗೆ ಮಾಡಿದರು. ಹಲ್ಲು ನುಣ್ಣಗಾಯಿತು, ಹುಣ್ಣು ಹಾಗೇ ಉಳಿಯಿತು. ಮತ್ತೆ ಹೋದಾಗ ಅವರು ಕೈಗವಸಿನ ಬೆರಳಿನಿಂದ ಅದನ್ನು ಒತ್ತಿ ನೋಡಿ, "ಬಳ್ಳಾರಿಗೆ ಒಮ್ಮೆ ಹೋಗಿ ಬರ್ರಿ ಮೇಡಂ. ಜಲ್ದಿ ಹೋಗ್ರಿ" ಎಂದರು. ಆ "ಜಲ್ದಿ" ನನ್ನ ಜೊತೆ ಮನೆಯವರೆಗೂ ಬಂತು.

ಬಳ್ಳಾರಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಗಂಡನನ್ನು ಒಳಗೆ ಕರೆದರು. ಗಂಡ ಹೊರಗೆ ಬಂದು ನೇರ ಬಸ್‌ಸ್ಟ್ಯಾಂಡಿಗೆ ನಡೆದರು, ನಾನೂ ಹಿಂದೆ ನಡೆದೆ. ಬಸ್ಸು ತೋರಣಗಲ್ಲು ದಾಟಿದ ಮೇಲೆ ಬಾಯಿ ಬಿಟ್ಟರು.

"ಗಿರಿಜಾ, ಸಣ್ಣದೈತಂತ."

"ಏನು ಸಣ್ಣದು?"

"ಕ್ಯಾನ್ಸರು."

ಅಷ್ಟರಲ್ಲಿ ಟಿಕೆಟ್ ಕೊಡುತ್ತ ಕಂಡಕ್ಟರ್ ಬಂದ, ಪರಿಚಯದವನೇ. "ಏನ್ ಮೇಡಂ, ಇವತ್ತ ನೀವ ಪ್ಯಾಸೆಂಜರ್ರಾ?" ಎಂದು ನಕ್ಕ. "ಹೂಂನಪ್ಪ, ರಜಾ" ಎಂದೆ. ಆ ದಿನ ಅಳು ಬರಲಿಲ್ಲ. ಕಿಟಕಿಯಾಚೆ ಕೆಂಪು ಧೂಳು ಹೊದ್ದ ಗಿಡಗಳು ಹಿಂದಕ್ಕೆ ಹೋಗುತ್ತಿದ್ದವು, ನಾನು ಅವನ್ನೇ ನೋಡುತ್ತ ಕೂತೆ.

ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿನ ಡಾಕ್ಟರಮ್ಮ ನನ್ನನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿದ್ದು ನನಗೆ ಇಷ್ಟವಾಯಿತು. ಎಲ್ಲರಿಗೂ ಮಾಡುವ ದಾರಿ ಆಪರೇಷನ್ ಎಂದರು. ನಾಲಿಗೆಯ ಆ ಬದಿಯ ಒಂದು ಭಾಗ ಹೋಗುತ್ತದೆ.

"ಮಾತು ಬರುತ್ತೆ, ಹೆದರಬೇಡಿ. ಕೆಲವು ಅಕ್ಷರ ಮಾತ್ರ ಮೊದಲಿನ ಹಾಗೆ ಇರಲ್ಲ."

"ಯಾವ ಅಕ್ಷರ್ರಿ?"

ಅವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೋ ಏನೋ, ಬಾಯಲ್ಲೇ ಒಂದೊಂದಾಗಿ ಹೇಳಿ ನೋಡಿಕೊಂಡರು. "ನಾಲಿಗೆ ಮೇಲಕ್ಕೆ ಮಡಿಸಿ ಹೇಳೋವು. ಟ, ಡ, ಣ, ಳ. ರ ಕೂಡ ಸ್ವಲ್ಪ."

ಸಂಡೂರು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವರು ಹೇಳಿದ ತೊಂದರೆಯೆಲ್ಲ ಆ ಒಂದೇ ಊರಿನಲ್ಲಿತ್ತು.

ಇನ್ನೊಂದು ದಾರಿಯನ್ನೂ ಹೇಳಿದರು, ಹೊಸದು, ಇನ್ನೂ ಪರೀಕ್ಷೆ ಮಾಡುತ್ತಿರುವುದು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ಔಷಧ ತುಂಬಿ ರಕ್ತಕ್ಕೆ ಬಿಡುತ್ತಾರೆ. ಅದು ಹೋಗಿ ಗಡ್ಡೆಯಲ್ಲಿ ಕೂಡುತ್ತದೆ. ಆಮೇಲೆ ಅಲ್ಲಿಗೆ ಒಂದು ಬಗೆಯ ಕೆಂಪು ಬೆಳಕು ಬಿಟ್ಟರೆ ಬೆಳಕು ಬಿದ್ದಷ್ಟು ಜಾಗದ ರೋಗ ಸಾಯುತ್ತದೆ, ನಾಲಿಗೆ ಉಳಿಯುತ್ತದೆ. ಫಲಿಸದಿದ್ದರೆ ಕತ್ತರಿ ಇದ್ದೇ ಇದೆ. ಆದರೆ ರೋಗ ಕತ್ತಿನಲ್ಲಿ ಎಲ್ಲರಿಗೂ ಇರುವ ಸಣ್ಣ ಗಂಟುಗಳಿಗೆ ಇಳಿದಿದ್ದರೆ ಈ ಬೆಳಕಿನ ದಾರಿ ಮುಚ್ಚಿದ ಹಾಗೆಯೇ. ಅದನ್ನು ನೋಡಲು ಮೊದಲು ಕಬ್ಬಿಣದ ನುಣ್ಣನೆಯ ಕಣಗಳನ್ನು ನರಕ್ಕೆ ಕೊಟ್ಟು ಸ್ಕ್ಯಾನ್ ಮಾಡಬೇಕು.

ಕಬ್ಬಿಣ ಎಂದದ್ದೇ ತಡ, ನನ್ನ ಗಂಡ ತಲೆ ಎತ್ತಿದರು. "ಸಂಡೂರಿನ ಧೂಳು ಇಷ್ಟು ವರ್ಷ ಕುಡದೀವ್ರಿ. ಅದ್ರಾಗಿನ ಕಬ್ಬಿಣ ಸಾಲಂಗಿಲ್ಲೇನು?"

ಮದುವೆಯಾದಾಗಿನಿಂದ ಅವರು ಪರರ ಮುಂದೆ ಇಷ್ಟುದ್ದ ಮಾತಾಡಿದ್ದು ನನಗೆ ನೆನಪಿಲ್ಲ. ಡಾಕ್ಟರಮ್ಮ ಜೋರಾಗಿ ನಕ್ಕರು. "ಇದು ಅದಕ್ಕಿಂತ ತುಂಬಾ ನುಣ್ಣಗಿನದು. ಒಳ್ಳೆಯ ಗಂಟು ಈ ಕಬ್ಬಿಣ ಕುಡಿದು ಚಿತ್ರದಲ್ಲಿ ಕಪ್ಪಾಗುತ್ತೆ. ರೋಗ ಹೊಕ್ಕಿದ್ದರೆ ಕುಡಿಯಲ್ಲ, ಬೆಳ್ಳಗೆ ಉಳಿಯುತ್ತೆ."

ಬಣ್ಣ ಕಪ್ಪು ಎಂದು ಬಂದ ಸಂಬಂಧಗಳೆಲ್ಲ ಹಿಂದೆ ಹೋಗಿದ್ದ ಹೆಣ್ಣು ನಾನು. ಕಪ್ಪಾಗಲಿ ದೇವರೇ ಎಂದು ಬೇಡಿಕೊಂಡದ್ದು ಅದೇ ಮೊದಲು.

ಸ್ಕ್ಯಾನಿನ ಫಲಿತಾಂಶಕ್ಕೆ ಕಾಯುತ್ತ ಕೂತ ಕೋಣೆಯಲ್ಲಿ ಫ್ಯಾನಿನ ಕೆಳಗೆ ಒಂದೇ ಸಾಲು ಕುರ್ಚಿ. ಅಲ್ಲಿದ್ದ ಮುದುಕರೊಬ್ಬರು ನನ್ನನ್ನು ನೋಡಿ ಎದ್ದು ಜಾಗ ಬಿಟ್ಟರು. ಅವರ ಕತ್ತಿನಲ್ಲಿ ತೂತು, ಅದಕ್ಕೊಂದು ನಳಿಕೆ. ಅವರು ಕೈಸನ್ನೆ ಮಾಡಿದರು, ಪಕ್ಕದಲ್ಲಿದ್ದ ಹೆಂಡತಿ ಅದನ್ನು ಮಾತು ಮಾಡಿದರು: "ನಿಮ್ದು ಯಾವ ಊರು ಅಂತ ಕೇಳ್ತಿದಾರೆ."

"ಸಂಡೂರು" ಎಂದೆ. ಬಸ್‌ಸ್ಟ್ಯಾಂಡಿನ ದನಿಯಲ್ಲೇ ಹೇಳಿಬಿಟ್ಟಿದ್ದೆ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುದುಕರು ನಗುತ್ತ ಇನ್ನೊಮ್ಮೆ ಹೇಳು ಎಂಬಂತೆ ಬೆರಳು ತಿರುಗಿಸಿದರು. ನನಗೆ ಹೇಳಲಾಗಲಿಲ್ಲ. ಅಷ್ಟು ದಿನ ಎಲ್ಲೋ ದೂರದಲ್ಲಿದ್ದ ಹೆದರಿಕೆ ಅಲ್ಲಿ ಬಂದು ಸಿಕ್ಕಿತು. ಎದ್ದು ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಅತ್ತೆ.

ಗಂಟುಗಳೆಲ್ಲ ಕಪ್ಪಾಗಿದ್ದವು. ಅವ್ವನಿಗೆ ಫೋನು ಮಾಡಿದೆ. "ಎಲ್ಲಾ ಕಪ್ಪಾಗೈತಂತವ್ವ. ಕಪ್ಪಾದ್ರ ಚಲೋ ಅಂತ." ಅವಳು ಆಚೆಯಿಂದ ನಿಟ್ಟುಸಿರು ಬಿಟ್ಟು, "ನಾ ಯಾವಾಗ್ಲೂ ಅದನ್ನ ಹೇಳ್ತಿದ್ದೆ" ಎಂದಳು. ಅವಳು ಹಾಗೆ ಯಾವತ್ತೂ ಹೇಳಿದವಳಲ್ಲ.

ಬೆಳಕಿನ ದಾರಿಗೇ ಒಪ್ಪಿದೆ. ಅದರ ಔಷಧ ಕೊಟ್ಟ ಗಳಿಗೆಯಿಂದ ನಾನು ಬೆಳಕಿಗೆ ಹೆದರುವ ಪ್ರಾಣಿಯಾದೆ. ಆ ಔಷಧ ಗಡ್ಡೆಯಲ್ಲಷ್ಟೇ ಅಲ್ಲ, ಕೆಲವು ವಾರ ಚರ್ಮದಲ್ಲೂ ಇರುತ್ತದೆ. ಅಲ್ಲಿಯವರೆಗೆ ಬಿಸಿಲು ಬಿದ್ದರೆ ಮೈ ಸುಡುತ್ತದೆ. ಮಬ್ಬು ಕೋಣೆಯಲ್ಲಿ ಮಲಗಿಸಿದರು. ಜಯಶ್ರೀ ಎಂಬ ಸಿಸ್ಟರು, ರಾಯಚೂರಿನ ಕಡೆಯವರು, ಬೆರಳಿಗೆ ಸಿಕ್ಕಿಸುವ ಕೆಂಪು ದೀಪದ ಕ್ಲಿಪ್ಪನ್ನು ಮತ್ತೆ ಮತ್ತೆ ಬಂದು ಬೇರೆ ಬೆರಳಿಗೆ ಬದಲಿಸುತ್ತಿದ್ದರು, ಒಂದೇ ಬೆರಳಿಗೆ ಆ ಬೆಳಕು ಜಾಸ್ತಿಯಾಗಬಾರದೆಂದು. ನಿದ್ದೆಯಲ್ಲೂ ನನ್ನ ಬೆರಳುಗಳನ್ನು ಯಾರೋ ಒಂದೊಂದಾಗಿ ಹಿಡಿದು ಬಿಡುತ್ತಿದ್ದದ್ದು ಹಿತವಾಗಿತ್ತು. ಚಿಕಿತ್ಸೆಯ ಬೆಳಕನ್ನು ಮಾತ್ರ ನಾನು ನೋಡಲಿಲ್ಲ. ಕಣ್ಣು ಕಟ್ಟಿ, ಮಂಪರು ಕೊಟ್ಟು ಮಲಗಿಸಿದ್ದರು. ಎದ್ದಾಗ ಬಾಯಿ ತುಂಬ ಬೇಯಿಸಿದ ಗೆಣಸು ಇಟ್ಟ ಹಾಗಿತ್ತು, ಮತ್ತು ಅದು ಉರಿಯುತ್ತಿತ್ತು. ಮಾತು ಪೂರ್ತಿ ನಿಂತಿತು. ನೋವಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ; ಬಂತು, ಬಹಳ ದಿನ ಇತ್ತು, ಹೋಯಿತು.

ಹೊರಡುವ ಮೊದಲು ಸಿಸ್ಟರು ನನ್ನ ಗಂಡನಿಗೆ ತಿಳಿಸಿ ಹೇಳಿದರು. "ಬಿಸಿಲು ಬ್ಯಾಡ್ರಿ, ಕಿಟಕಿ ಹತ್ರ ಬ್ಯಾಡ. ಹಂಗಂತ ಪೂರ್ತಿ ಕತ್ತಲದಾಗೂ ಇಡಬ್ಯಾಡ್ರಿ. ಮೊದಲ ಒಂದ್ ದಿನ ಕಳೀಲಿ, ಆಮ್ಯಾಲ ಮನ್ಯಾಗ ಸಣ್ಣ ಬಲ್ಬಿನ ಬೆಳಕು, ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ಕೋತ ಹೋಗ್ರಿ." ಅವರು ತಲೆಯಾಡಿಸಿದರು. ಮಂಪರಿನಲ್ಲಿದ್ದ ನನ್ನ ಕಿವಿಗೂ ಅದು ಬಿತ್ತು.

ಸಂಡೂರಿನ ನಮ್ಮ ಮನೆಗೆ ಎರಡೂ ಕಡೆ ದೊಡ್ಡ ಕಿಟಕಿಗಳು, ಗಂಡನಿಗೆ ಹೊತ್ತುಗೊತ್ತಿಲ್ಲದ ಕೆಲಸ. ಹಾಗಾಗಿ ಚಿತ್ತವಾಡ್ಗಿಗೆ, ಅವ್ವನ ಮನೆಗೆ ಎಂದು ತೀರ್ಮಾನವಾಗಿತ್ತು. ಹೊಸಪೇಟೆಯ ಬಿರುಬೇಸಿಗೆಯಲ್ಲಿ ಮಂಕಿ ಕ್ಯಾಪು, ಕೈಗವಸು, ಕಪ್ಪು ಕನ್ನಡಕ, ಮೇಲೊಂದು ಶಾಲು ಹೊದ್ದು ಕಾರಿನಿಂದ ಇಳಿದೆ. ಬಾಗಿಲಲ್ಲಿ ಗಂಡ ಸಿಸ್ಟರ ಮಾತನ್ನು ಒಪ್ಪಿಸಲು ಶುರು ಮಾಡಿದರು: "ಬಿಸಿಲು ತಾಗಬಾರ್ದಂತ. ಕತ್ತಲಕೋಣ್ಯಾಗ…" ಅವ್ವ ಅಷ್ಟಕ್ಕೇ ಕೈ ಎತ್ತಿದಳು. "ಅಳಿಯಂದ್ರ, ಬಾಣಂತನ ನನಗ ಹೇಳಿಕೊಡ್ತೀರೇನು ನೀವು?" ಅಳಿಯಂದಿರು ಉಳಿದರ್ಧವನ್ನು ನುಂಗಿಕೊಂಡರು. ಮಾತು ಉಳಿಸುವುದು ಅವರಿಗೆ ಹುಟ್ಟಾ ಅಭ್ಯಾಸ.

ಅವ್ವನ ಮನೆಯ ನಡುವಿನ ಕೋಣೆಗೆ ಬಾಣಂತಿ ಕೋಣೆ ಎಂದೇ ಹೆಸರು. ಕಿಟಕಿಯಿಲ್ಲ, ಮೇಲೊಂದು ಸಣ್ಣ ಬೆಳಕಿಂಡಿ. ಜಂತಿಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ. ಬಾಣಂತಿ ಇಲ್ಲದ ಕಾಲಕ್ಕೆ ಅಲ್ಲಿ ಅಕ್ಕಿ ಚೀಲ, ಟ್ರಂಕು. ನನ್ನ ತಂಗಿ ರೇಣುಕಾ ಮಕ್ಕಳನ್ನು ಹೆತ್ತು ಬಂದು ಮಲಗಿದ್ದು ಅಲ್ಲೇ. ಆಗ ನಾನು ರಜೆ ಹಾಕಿ, ಕೂಸಿಗೆ ಅಂಗಿ ತೆಗೆದುಕೊಂಡು ಬಂದರೆ, ಅವ್ವ ಹೊಸ್ತಿಲಲ್ಲೇ ಕೈ ಒಡ್ಡಿ ಅಂಗಿ ತೆಗೆದುಕೊಳ್ಳುತ್ತಿದ್ದಳು. "ಅಲ್ಲೇ ಕುಂದ್ರವ್ವ, ಕೂಸು ಈಗರ ಮಲಗೈತಿ." ನಾನು ಯಾವಾಗ ಹೋದರೂ ಕೂಸು ಆಗಷ್ಟೇ ಮಲಗಿರುತ್ತಿತ್ತು. ಹಡೆಯದವಳ ಕಣ್ಣು ಕೂಸಿಗೂ ಬಾಣಂತಿಗೂ ತಾಗುತ್ತದೆ ಎಂದು ಅವ್ವ ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಡ್ಯೂಟಿಗೆ ಹೋಗುತ್ತಿದ್ದೆ.

ಈಗ ಅದೇ ಕೋಣೆಗೆ ಅವಳೇ ನನ್ನ ತೋಳು ಹಿಡಿದು ಕರೆದುಕೊಂಡು ಹೋದಳು. ಹೊರಸಿನ ಮೇಲೆ ಹಾಸಿಗೆ ಹಾಸಿತ್ತು. ಬೆಳಕಿಂಡಿಗೆ ಕೌದಿ ತುರುಕಿದ್ದಳು, ಬಾಗಿಲಿಗೆ ಇನ್ನೊಂದು ಕೌದಿ ಇಳಿಬಿಟ್ಟಿದ್ದಳು. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಬೆಳಗೂ ಬೈಗೂ ಸಾಂಬ್ರಾಣಿ. ನನ್ನ ಬಾಯಿಗೆ ಗಂಜಿಯೇ ಕಷ್ಟವಾಗಿದ್ದಾಗ ಅಂಟಿನುಂಡೆ ಮಾಡಿ, ತಿನ್ನಲಾಗದು ಎಂದು ಗೊತ್ತಾದ ಮೇಲೆ ಅದನ್ನು ಹಾಲಿನ ಜೊತೆ ಮಿಕ್ಸಿಗೆ ಹಾಕಿ ಲೋಟದಲ್ಲಿ ತಂದಳು. ಮೂರನೆಯದೋ ನಾಲ್ಕನೆಯದೋ ದಿನ ಹೊರಸಿನ ಕೆಳಗೆ ಕೆಂಡದ ಬುಟ್ಟಿ ಸರಿಸಿದಾಗ ಮಾತ್ರ ನಾನು ಪಕ್ಕದ ಟ್ರಂಕಿಗೆ ಒಂದು ಸಲ ಬಡಿದೆ.

ಬಡಿಯುವುದು ನನ್ನ ಆಗಿನ ಭಾಷೆ. ಬಸ್ಸಿನ ತಗಡಿಗೆ ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಹೋಗಲಿ. ನನ್ನ ಮತ್ತು ಡ್ರೈವರ್‌ಗಳ ನಡುವೆ ನಡೆಯುವುದು ಅಷ್ಟೇ. ಅವ್ವ ಬೇಗ ಕಲಿತಳು. "ಗಂಜಿ ಇನ್ನೊಂದೀಟು?" ಟಕ್. "ಎಣ್ಣಿ ಹಚ್ಚಲಿ?" ಟಕ್ ಟಕ್. ಕೆಂಡಕ್ಕೆ ಟಕ್ ಎಂದಾಗ ಮಾತ್ರ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳೆಂದು ಅವಳ ಉಸಿರಿನಿಂದ ತಿಳಿಯಿತು. ಮುಖ ಕಾಣುವಷ್ಟು ಬೆಳಕು ಅಲ್ಲಿರಲಿಲ್ಲ.

ಒಂದು ದಿನ ಪಕ್ಕದ ಮನೆಯಾಕೆ ಪಡಸಾಲೆಗೆ ಬಂದು, ಸಾಂಬ್ರಾಣಿ ವಾಸನೆ ಹಿಡಿದು ಕೇಳಿದಳು. "ಒಳಗ ಯಾರದಾರ?"

"ಬಾಣಂತಿ" ಎಂದಳು ಅವ್ವ.

"ರೇಣುಕಾ ಮತ್ತ ಹಡದಾಳೇನು?"

"ರೇಣುಕಾ ಅಲ್ಲ. ಗಿರ್ಜಿ."

ಆಕೆ ಚಹಾ ಕೂಡ ಕುಡಿಯದೆ ಎದ್ದು ಹೋದಳು. ನಾನು ಒಳಗೆ, ನಗಬಾರದ ಬಾಯಿಯಲ್ಲಿ ನಗು ತಡೆದುಕೊಂಡು ಒದ್ದಾಡಿದೆ.

ಸಣ್ಣ ಬಲ್ಬಿನ ಮಾತು ನನಗೆ ನೆನಪಿತ್ತು. ಟ್ರಂಕು ಕೈಗೆಟುಕುವಂತೆಯೂ ಇತ್ತು. ಆದರೂ ಬಡಿಯಲಿಲ್ಲ. ಯಾಕೆಂದರೆ ಒಂದು ಮಧ್ಯಾಹ್ನ ತಲೆಗೆ ಎಣ್ಣೆ ತಟ್ಟುತ್ತ ಅವ್ವ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, "ನಿನಗೊಬ್ಬಾಕಿಗೆ ಮಾಡೂದು ಉಳದಿತ್ತು" ಎಂದಳು. ಆಮೇಲೆ ಬಹಳ ಹೊತ್ತು ಅವಳ ಕೈ ನನ್ನ ನೆತ್ತಿಯ ಮೇಲೇ ಇತ್ತು. ನಾಲಿಗೆ ಉರಿಯುತ್ತಿತ್ತು, ಬೆನ್ನು ಬೆವರಿನಲ್ಲಿ ಅಂಟುತ್ತಿತ್ತು, ನನಗೆ ಬಹಳ ಸಂತೋಷವಾಗಿತ್ತು. ಆ ಕತ್ತಲೆ ಹಾಗೇ ಇರಲಿ ಅನ್ನಿಸಿತ್ತು.

ಸಿಸ್ಟರು ಆಗಾಗ ಫೋನು ಮಾಡುತ್ತಿದ್ದರು. ಎತ್ತುತ್ತಿದ್ದವಳು ಅವ್ವ. "ಬಿಸಿಲಿಗೆ ಬಿಟ್ಟಿಲ್ಲಲ್ರಿ?" "ಇಲ್ರಿ." "ಮನ್ಯಾಗ ಅದಾರಲ್ಲ?" "ಮನ್ಯಾಗ ಅದಾಳ್ರಿ." ಇಬ್ಬರೂ ನಿಜವನ್ನೇ ಮಾತಾಡಿ ಫೋನು ಇಡುತ್ತಿದ್ದರು.

ಹೇಳಿದ ವಾರಗಳು ಕಳೆದ ಮೇಲೆ ಒಂದು ಪರೀಕ್ಷೆ ಇತ್ತು. ದಿನಸಿ ಕಟ್ಟಿಕೊಡುವ ಹಾಳೆ ಚೀಲಕ್ಕೆ ಒಂದು ಸಣ್ಣ ತೂತು ಮಾಡಿ, ಕೈಯನ್ನು ಅದರೊಳಗೆ ಹಾಕಿ, ತೂತಿನಷ್ಟೇ ಜಾಗಕ್ಕೆ ಸ್ವಲ್ಪ ಹೊತ್ತು ಬಿಸಿಲು ಬೀಳಿಸಬೇಕು. ಏನೂ ಆಗದಿದ್ದರೆ ಹೊರಗೆ ಬರಬಹುದು. ಗಂಡ ಸಂಡೂರಿನಿಂದ ಬಂದಿದ್ದರು. ನಾನು ಬಾಗಿಲ ಹಿಂದೆ ಕೂತು ಕೈ ಮಾತ್ರ ಹೊರಗೆ ಚಾಚಿದೆ. ಅವ್ವ ಆಗಲೇ ಉಡಿ ತುಂಬುವುದಕ್ಕೆ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತೆಗೆದಿಟ್ಟಿದ್ದಳು. ಬಾಣಂತನ ಮುಗಿಸಿದವಳನ್ನು ಉಡಿ ತುಂಬಿಯೇ ಕಳಿಸುವುದು.

ಸಂಜೆಗೆ ಮುಂಗೈ ಮೇಲೆ ತೂತಿನ ಅಳತೆಗೇ ಕೆಂಪಾಗಿ ಊದಿತು. ಮರುದಿನ ಅಲ್ಲಿ ಬೊಬ್ಬೆ ಎದ್ದಿತ್ತು, ರೊಟ್ಟಿ ಹೆಂಚು ತಾಗಿದ ಹಾಗೆ.

ಗಂಡ ಸಿಸ್ಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಎಲ್ಲ ಕೇಳಿಸಿಕೊಂಡು ಸಿಸ್ಟರು ಕೇಳಿದರು, "ಮನ್ಯಾಗ ಲೈಟ್ ಹಾಕ್ತಿದ್ರೇನ್ರಿ?"

"ಇಲ್ರಿ. ಒಂಚೂರೂ ಬೆಳಕು ಬಿಟ್ಟಿಲ್ಲ" ಎಂದಳು ಅವ್ವ, ಹೆಮ್ಮೆಯಿಂದಲೇ.

ಸಿಸ್ಟರು ಬೈಯಲಿಲ್ಲ, ಮೆಲ್ಲಗೆ ಹೇಳಿದರು. "ಅಮ್ಮಾ, ಆ ಔಷಧ ಚರ್ಮದಾಗ ಕರಗೋದ ಮನೀ ಬೆಳಕಿನಿಂದ್ರಿ. ಕತ್ತಲದಾಗ ಇಟ್ರ ಅದು ಹಂಗ ಕುಂತಬಿಡ್ತತಿ. ಇವತ್ತಿನಿಂದ ಸಣ್ಣ ಬಲ್ಬು ಹಾಕ್ರಿ. ಇನ್ನೂ ಕೆಲವು ವಾರ ಹೊರಗ ಬಿಡಬ್ಯಾಡ್ರಿ."

ಅವ್ವ ಅಡುಗೆಮನೆಗೆ ಹೋಗಿ ಹೊಸ್ತಿಲ ಮೇಲೆ ಕೂತಳು. ಉಡಿಯ ಅಕ್ಕಿಯನ್ನು ಮೊರದಿಂದ ಡಬ್ಬಿಗೆ ವಾಪಸು ಸುರಿದ ಸದ್ದು ಕೇಳಿತು. ಗಂಡ ನನ್ನ ಪಕ್ಕ ಬಂದು ಕೂತರು. ಅರ್ಧ ಮಾತು ನುಂಗಿದ್ದರ ಸಂಕಟ ಅವರ ಉಸಿರಿನಲ್ಲಿತ್ತು. ಬಹಳ ಹೊತ್ತಿನ ಮೇಲೆ ಅವ್ವ ಕೋಣೆಗೆ ಬಂದು, ಹೊರಸಿನ ಪಕ್ಕ ನೆಲದ ಮೇಲೆ ಕೂತು, ನನ್ನ ಸುಟ್ಟ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು.

"ಮಂದಿ ಕಣ್ಣು ತಾಗ್ತಾವಂತ ಬಾಗಲಾ ಹಾಕ್ತಿದ್ನೆವ್ವ" ಎಂದಳು. "ನನ ಕೈನ ಸುಡ್ತತಿ ಅಂತ ಗೊತ್ತಿದ್ದಿಲ್ಲ."

ಯಾರ ಕಣ್ಣು ಎಂದು ಅವಳೂ ಹೇಳಲಿಲ್ಲ, ಕೇಳಲು ನನಗೆ ಬಾಯಿಯೂ ಇರಲಿಲ್ಲ. ಅವಳು ಅಳುತ್ತಿದ್ದಳು. ನಾನು ಇನ್ನೊಂದು ಕೈಯಿಂದ ಟ್ರಂಕಿಗೆ ಎರಡು ಸಲ ಬಡಿದೆ. ಅವಳು ತಲೆ ಎತ್ತಿದಳು. ಮತ್ತೆ ಎರಡು ಸಲ ಬಡಿದೆ.

"ಹೋಗಲಿ ಅಂತೀಯೇನು?" ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು, ಅಳಿಯನನ್ನು ಕೂಗಿ, "ಝೀರೋ ಬಲ್ಬು ತರ್ರಿ" ಎಂದಳು.

ಆ ಕೋಣೆಯಲ್ಲಿ ದೀಪಕ್ಕೆ ಜಾಗವೇ ಇರಲಿಲ್ಲ. ಗಂಡ ಪಡಸಾಲೆಯಿಂದ ವೈರು ಎಳೆದು ತಂದು, ಎಲ್ಲಿ ಕಟ್ಟಲಿ ಎಂದು ಮೇಲೆ ಕೆಳಗೆ ನೋಡುತ್ತ ನಿಂತರು. ಅವ್ವ ತೊಟ್ಟಿಲ ಕೊಂಡಿಯನ್ನು ತೋರಿಸಿದಳು. ಅಲ್ಲಿಂದ ಇಳಿಬಿಟ್ಟ ಬಲ್ಬು ನನ್ನ ತಲೆಯ ನೇರಕ್ಕೆ ತೂಗುತ್ತಿತ್ತು. ಅಷ್ಟು ದಿನಗಳ ಮೇಲೆ ಅವ್ವನ ಮುಖ ಕಂಡಿತು. ಸೊರಗಿದ್ದಳು.

ಅಲ್ಲಿಂದ ಅವಳು ಬೆಳಕನ್ನೂ ಬಾಣಂತಿಯ ಊಟದ ಹಾಗೆ ಬಡಿಸಿದಳು, ಮೊದಲು ತೆಳ್ಳಗೆ, ಆಮೇಲೆ ಸ್ವಲ್ಪ ಗಟ್ಟಿ. ಝೀರೋ ಬಲ್ಬು ಹೋಗಿ ಸಣ್ಣ ಬಲ್ಬು ಬಂತು, ಬಾಗಿಲ ಕೌದಿ ಅರ್ಧ ಸರಿಯಿತು, ಪೂರ್ತಿ ಸರಿಯಿತು, ಪಡಸಾಲೆಯ ಟ್ಯೂಬ್‌ಲೈಟಿಗೆ ನನ್ನ ಹೊರಸನ್ನು ಮೋರೆ ಮಾಡಿ ತಿರುಗಿಸಿದರು.

ಬೆಳಕಿನ ಜೊತೆಗೇ ನಾಲಿಗೆಯೂ ಮಾಗುತ್ತಿತ್ತು. ಸತ್ತ ಪೊರೆ ಉದುರಿ ಕೆಳಗೆ ಹೊಸ ಚರ್ಮ ಬಂದಿತ್ತು, ಆದರೆ ನಾಲಿಗೆ ಯಾರದೋ ನಾಲಿಗೆಯ ಹಾಗೆ ಬಿಗಿದು ಕೂತಿತ್ತು. ಮೊದಲು ಬಂದ ಮಾತು ಅವ್ವ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಅವ್ವ ಎನ್ನಲು ನಾಲಿಗೆ ಬೇಕಾಗಿಯೇ ಇಲ್ಲ, ತುಟಿ ಸಾಕು. ಅವಳಿಗೆ ಇದನ್ನು ಹೇಳಲಿಲ್ಲ, ಅವಳು ಅಷ್ಟು ಸಂಭ್ರಮಪಟ್ಟಿದ್ದಳು. ಹಂಪಿ ಅದೇ ದಿನ ಬಂತು. ಕಂಪ್ಲಿ ಮರುವಾರ. ಹೊಸಪೇಟೆ ಎಳೆದಾಡಿಕೊಂಡು ಬಂತು. ಸಂಡೂರು ಮಾತ್ರ ಎಷ್ಟು ಕೂಗಿದರೂ ಬಾಯಲ್ಲಿ ಬರೀ ಗಾಳಿಯಾಗಿ ಹೊರಡುತ್ತಿತ್ತು. ಈ ಊರು ಬರದಿದ್ದರೆ ನನ್ನನ್ನು ಡಿಪೋದಲ್ಲಿ ಮೂಲೆಯ ಕುರ್ಚಿಯೊಂದಕ್ಕೆ ಕೂರಿಸುತ್ತಾರೆ. ಅದು ಗೊತ್ತಿತ್ತು.

ಒದರುವುದನ್ನು ಕೇಳಲಾಗದ ಅವ್ವ ಈಗ ನನ್ನ ಚೆಕಿಂಗ್ ಇನ್ಸ್‌ಪೆಕ್ಟರ್ ಆದಳು. ಪಡಸಾಲೆಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕೂತು, ಕಣ್ಣು ಮುಚ್ಚಿ, "ಬರ್ಲಿಲ್ಲ. ಇನ್ನೊಮ್ಮೆ" ಎನ್ನುವಳು. ರೇಣುಕಾಳ ಹೆರಿಗೆಯ ದಿನ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೂ ಹೀಗೇ ಕೂತಿದ್ದಳು, ಕೂಸಿನ ದನಿಗೆ ಕಾಯುತ್ತ. "ಇನ್ನೂ ಬರ್ಲಿಲ್ಲ. ಮತ್ತೊಮ್ಮೆ." ಒಂದು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾಗ ನಾನು ಸುಮ್ಮನೆ, ಅಭ್ಯಾಸಕ್ಕೆಂದು ಕೂಡ ಅಲ್ಲದೆ, "ಸಂಡೂರು" ಅಂದೆ. ರೊಟ್ಟಿಯ ಸದ್ದು ನಿಂತಿತು. "ಬಂತ್ ನೋಡು" ಎಂದಳು ಅಲ್ಲಿಂದಲೇ, ಮತ್ತೆ ತಟ್ಟತೊಡಗಿದಳು.

ಎರಡನೆಯ ಸಲ ಹಾಳೆ ಚೀಲದ ಪರೀಕ್ಷೆಯಲ್ಲಿ ಕೈಗೆ ಏನೂ ಆಗಲಿಲ್ಲ. ಮೊದಲ ಸಲ ಹೊರಗೆ ಹೋದದ್ದು ಹೊತ್ತು ಮುಳುಗಿದ ಮೇಲೆ, ಗಂಡನ ಜೊತೆ ಡ್ಯಾಮಿನ ಕಡೆಗೆ. ಬೆಂಗಳೂರಿನಲ್ಲಿ ಮತ್ತೆ ಚೂರು ತೆಗೆದು ನೋಡಿದರು. "ಸದ್ಯಕ್ಕೆ ಏನೂ ಇಲ್ಲ" ಎಂದರು ಡಾಕ್ಟರಮ್ಮ. ಸದ್ಯಕ್ಕೆ ಎಂದರೆ ಎಷ್ಟು ದಿನ ಎಂದು ಕೇಳಿದೆ. ಅದನ್ನು ಯಾರೂ ಹೇಳಲಾಗದು, ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು. ಪ್ರತಿ ಸಲ ಹೋಗುವ ಹಿಂದಿನ ವಾರ ನನಗೆ ಊಟ ಸೇರುವುದಿಲ್ಲ, ಗಂಡ ಇನ್ನಷ್ಟು ಮೌನವಾಗುತ್ತಾರೆ. ಇದಕ್ಕೆ ನನ್ನ ಹತ್ತಿರ ಉಪಾಯವಿಲ್ಲ. ನಿಮಗೂ ಹಾಗೇ ಆಗುತ್ತಿದ್ದರೆ ನಿಮ್ಮೊಬ್ಬರಿಗೇ ಅಲ್ಲ ಎಂದು ಹೇಳಬಲ್ಲೆ, ಅಷ್ಟೇ. ಮತ್ತು, ಸಿಸ್ಟರು ಹೇಳಿದ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ, ಪೂರ್ತಿ ಹೇಳಿ.

ಅವ್ವ ಡಬ್ಬಿಯಿಂದ ಅಕ್ಕಿಯನ್ನು ಮತ್ತೆ ಮೊರಕ್ಕೆ ಸುರಿದು, ಉಡಿ ತುಂಬಿ ನನ್ನನ್ನು ಸಂಡೂರಿಗೆ ಕಳಿಸಿದಳು.

ಡ್ಯೂಟಿಗೆ ಮರಳಿದ ವಾರವೇ, ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ, ಬಸ್ಸಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಉದ್ದ ತೋಳಿನ ಅಂಗಿ, ತಲೆಗೊಂದು ಟೋಪಿ. ದನಿ ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ, ಚಹಾದಂಗಡಿಯ ಈಚೆಗೇ ನಿಲ್ಲುತ್ತಿತ್ತು. ಜನರ ನಡುವೆ ಒಂದು ಕೈಚೀಲ ಹಿಡಿದು ಅವ್ವ ಬಂದಳು. ನನ್ನನ್ನು ನೋಡಿಯೂ ನೋಡದವಳ ಹಾಗೆ ಹತ್ತಿ, ಮುಂದಿನ ಸೀಟಿನಲ್ಲಿ ಕಿಟಕಿ ಬದಿಗೆ ಕೂತಳು.

ಪಕ್ಕದಲ್ಲಿದ್ದ ಹೆಂಗಸು ನನ್ನ ಟೋಪಿ, ಅಂಗಿ ನೋಡಿ ಅವ್ವನನ್ನು ಕೇಳಿದಳು. "ಯಾಕ್ರಿ, ಕಂಡಕ್ಟರಮ್ಮಗ ಆರಾಮಿಲ್ಲೇನು?"

"ಆರಾಮ ಅದಾಳ. ನನ ಮಗಳು" ಎಂದಳು ಅವ್ವ. "ಬಾಣಂತನ ಮುಗಿಸಿ ಮೊನ್ನೆರ ಬಂದಾಳ."

ಆ ಹೆಂಗಸು ನನ್ನ ನರೆತ ಕೂದಲನ್ನು ನೋಡಿದಳು. ಕೇಳಬೇಕೋ ಬೇಡವೋ ಎಂದು ಸ್ವಲ್ಪ ತಡೆದು, ಕೊನೆಗೆ ಕೇಳಿಯೇಬಿಟ್ಟಳು. "ಏನ್ ಕೂಸ್ರಿ?"

ನಾನು ಆಗ ಹೊರಗೆ ಬಾಗಿ ಸಂಡೂರ್ ಸಂಡೂರ್ ಸಂಡೂರ್ ಎಂದು ಕೂಗುತ್ತಿದ್ದೆ. ಅವ್ವ ಅದು ಮುಗಿಯುವವರೆಗೂ ಕಾಯ್ದಳು.

"ಕೇಳಸವಲ್ದೇನು?" ಎಂದಳು.

ನಾನು ಒಳಗೆ ಬಂದು, ಅವಳ ಆಧಾರ್ ಕಾರ್ಡ್ ನೋಡಿ, ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ ಹರಿದು ಕೊಟ್ಟೆ. ಅವಳು ಅದನ್ನು ಮಡಿಸಿ ಎಲೆಚೀಲದೊಳಗೆ ಇಟ್ಟುಕೊಂಡಳು. ಬಾಗಿಲು ಹಾಕಿ, ಬಸ್ಸಿನ ತಗಡಿಗೆ ಎರಡು ಸಲ ಬಡಿದೆ.